ಜವಾರಿ ಬದನೆ, ಹೊರಗಿನ ವಂಶವಾಹಿ

ಒಂದು ಜೀವಿಯ ವಂಶವಾಹಿಯನ್ನು, ಅಂದರೆ ಡಿಎನ್‌ಎ ರೂಪದಲ್ಲಿ ಜೀವಕೋಶದೊಳಗಿದ್ದು ನಿರ್ದಿಷ್ಟ ಪ್ರೋಟೀನೊಂದನ್ನು ತಯಾರಿಸುವ ಸೂಚನೆಯನ್ನು ಹೊತ್ತ ತುಣುಕನ್ನು, ಅದರೊಡನೆ ಸಹಜವಾಗಿ ಕೂಡಲಾರದ ಬೇರೊಂದು ಜೀವಿಯೊಳಗೆ ಸೇರಿಸಿ, ಅಲ್ಲಿ ಅದು ಕೆಲಸ ಮಾಡುವಂತೆಯೂ ಮುಂದಿನ ಪೀಳಿಗೆಗೆ ಹರಿಯುವಂತೆಯೂ ಮಾಡುವ ವಿಧಾನಕ್ಕೆ ಕುಲಾಂತರಿ ತಂತ್ರಜ್ಞಾನವೆಂದು ಹೆಸರು. ಇದು ತಳಿ ಸಂಕರಣಕ್ಕಿಂತ ಬೇರೆ. ಸಂಕರಣವೆಂದರೇನೆಂದು ತಿಳಿಯಲು ಧಾರವಾಡಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1972ರಲ್ಲಿ ಬಿ.ಎಚ್. ಕಾತರಕಿ ಅವರು ಇಲ್ಲಿ ಅಭಿವೃದ್ಧಿಪಡಿಸಿದ ‘ವರಲಕ್ಷ್ಮಿ’ ಹತ್ತಿಯು ಎರಡು ಬೇರೆ ಪ್ರಭೇದಗಳ ಹತ್ತಿಗಿಡಗಳನ್ನು ಕೂಡಿಸಿ ಪಡೆದ ಸಂಕರ ತಳಿಯಾಗಿದ್ದು, ಅದರ ಪ್ರತಿಯೊಂದು ಬೀಜದ ಹಿಂದೆ ಮೊಗ್ಗಿನಿಂದ ಕೇಸರವನ್ನು ಬಿಡಿಸಿ ಬೇರೊಂದು ಹೂವಿನ ಪರಾಗವನ್ನು ಕೈಯಿಂದ ಸವರಿದ ಕೂಲಿಯವರ ದುಡಿಮೆಯಿತ್ತು. ಅಲ್ಲಿ ಕೂಡಿದ್ದು ಹತ್ತಿಯೊಡನೆ ಹತ್ತಿಯೇ. ಕುಲಾಂತರಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿ ಹತ್ತಿಗೆ ಬರಬಹುದು, ಮನುಷ್ಯನ ವಂಶವಾಹಿ ಬ್ಯಾಕ್ಟೀರಿಯಾಕ್ಕೆ ಹೋಗಬಹುದು.

ಈ ಎರಡನೆಯ ದಾರಿ ವೈದ್ಯಕೀಯದಲ್ಲಿ ಮೊದಲು ತೆರೆಯಿತು. ಸಕ್ಕರೆ ಕಾಯಿಲೆಯವರಿಗೆ ಬೇಕಾದ ಇನ್ಸುಲಿನ್ನನ್ನು ಬಹುಕಾಲ ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯಿಂದ ಬೇರ್ಪಡಿಸಲಾಗುತ್ತಿತ್ತು. ಮನುಷ್ಯನ ಇನ್ಸುಲಿನ್ ವಂಶವಾಹಿಯನ್ನು ಬ್ಯಾಕ್ಟೀರಿಯಾದೊಳಗಿಟ್ಟು ತಯಾರಿಸಿದ ಔಷಧಕ್ಕೆ ಅಮೆರಿಕದಲ್ಲಿ 1982ರಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಪಿಕಿಯಾ ಎಂಬ ಯೀಸ್ಟಿನಲ್ಲಿ ತಯಾರಿಸಿದ ಮಾನವ ಇನ್ಸುಲಿನ್ನನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೊರತಂದ ಹೆಪಟೈಟಿಸ್-ಬಿ ಲಸಿಕೆಯೂ ಇದೇ ಕುಲದ್ದು. 2023ರಲ್ಲಿ ಭಾರತದಲ್ಲಿ ಅನುಮತಿ ಪಡೆದ, ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರಗಳ ಸಂಶೋಧನೆಯಿಂದ ಬಂದ ರಕ್ತ ಕ್ಯಾನ್ಸರಿನ ಚಿಕಿತ್ಸೆಯಲ್ಲಂತೂ ರೋಗಿಯದೇ ಬಿಳಿರಕ್ತಕಣಗಳನ್ನು ಹೊರತೆಗೆದು, ಕ್ಯಾನ್ಸರ್ ಕೋಶವನ್ನು ಗುರುತಿಸಬಲ್ಲ ವಂಶವಾಹಿಯನ್ನು ಅವುಗಳಲ್ಲಿ ಸೇರಿಸಿ, ಮರಳಿ ದೇಹಕ್ಕೆ ಬಿಡಲಾಗುತ್ತದೆ.

ಹುಬ್ಬಳ್ಳಿಯ ಔಷಧ ಅಂಗಡಿಯ ಫ್ರಿಜ್ಜಿನಲ್ಲಿರುವ ಇನ್ಸುಲಿನ್ ಶೀಶೆಯ ಬಗ್ಗೆ ಯಾರೂ ಮೆರವಣಿಗೆ ತೆಗೆಯಲಿಲ್ಲ, ಆದರೆ ಅದೇ ವಿದ್ಯೆಯಿಂದ ಬಂದ ಬದನೆಕಾಯಿಯ ಬಗ್ಗೆ ದೇಶವೇ ವಾದಕ್ಕಿಳಿಯಿತು. ಇದನ್ನು ಜನರ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಾದ ವಿವರಣೆಯಲ್ಲ. ಇನ್ಸುಲಿನ್ ತಯಾರಿಸುವ ಯೀಸ್ಟು ಉಕ್ಕಿನ ತೊಟ್ಟಿಯೊಳಗೇ ಉಳಿದು, ಶುದ್ಧೀಕರಿಸಿದ ಪ್ರೋಟೀನು ಮಾತ್ರ ಹೊರಗೆ ಬರುತ್ತದೆ. ಅದನ್ನು ತೆಗೆದುಕೊಳ್ಳುವವರು ವೈದ್ಯರ ಸಲಹೆಯಂತೆ, ತಮ್ಮ ಪ್ರಾಣಕ್ಕೆ ಬೇಕೆಂದೇ ತೆಗೆದುಕೊಳ್ಳುತ್ತಾರೆ. ಬೀಜವಾದರೋ ಬಯಲಿಗೆ ಹೋಗುತ್ತದೆ, ಅದರ ಪರಾಗ ಪಕ್ಕದ ಹೊಲಕ್ಕೆ ಹಾರುತ್ತದೆ, ಅದರ ಕಾಯಿ ಕೇಳದವರ ತಾಟಿಗೂ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಬೀಜಕ್ಕೆ ಮೊದಲೇ ಒಬ್ಬ ಒಡೆಯನಿರುತ್ತಾನೆ, ಅದನ್ನು ತಲೆಮಾರುಗಳಿಂದ ಆರಿಸಿ ಕಾಪಾಡಿದ ರೈತ. ಧಾರವಾಡದಲ್ಲಿ ನಡೆದ ಎರಡು ಪ್ರಕರಣಗಳು ಚರ್ಚೆಯ ಈ ಕೊನೆಯ ಎಳೆಯನ್ನು ಬೇರೆಲ್ಲಿಗಿಂತ ಸ್ಪಷ್ಟವಾಗಿ ತೋರಿಸುತ್ತವೆ.

ಎರಡೂ ಪ್ರಕರಣಗಳ ಕೇಂದ್ರದಲ್ಲಿರುವುದು ಬಿಟಿ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಹೆಸರಿನ ಕಿರುರೂಪವಿದು. ಈ ಬ್ಯಾಕ್ಟೀರಿಯಾ ತಯಾರಿಸುವ ಹರಳಿನಂಥ ಪ್ರೋಟೀನು ಕೆಲವು ಜಾತಿಯ ಹುಳುಗಳ ಕರುಳಿನ ಕ್ಷಾರದಲ್ಲಿ ಕರಗಿ, ಕರುಳಿನ ಗೋಡೆಯ ನಿರ್ದಿಷ್ಟ ಜಾಗಗಳಿಗೆ ಅಂಟಿ, ಅಲ್ಲಿ ರಂಧ್ರಗಳನ್ನುಂಟುಮಾಡಿ ಹುಳುವನ್ನು ಕೊಲ್ಲುತ್ತದೆ. ಮನುಷ್ಯನ ಜಠರದಲ್ಲಿರುವುದು ಆಮ್ಲ, ಅಂಟಿಕೊಳ್ಳುವ ಆ ಜಾಗಗಳೂ ಅಲ್ಲಿ ಇಲ್ಲ. ಆದ್ದರಿಂದ ಈ ಪ್ರೋಟೀನು ಮನುಷ್ಯನಿಗೆ ಅಪಾಯಕಾರಿಯಲ್ಲವೆಂಬುದು ವಿಜ್ಞಾನಿಗಳ ವಾದ. ಇದನ್ನು ತಯಾರಿಸುವ ಕ್ರೈ1ಎಸಿ ವಂಶವಾಹಿಯುಳ್ಳ ಹತ್ತಿಗೆ ಭಾರತದಲ್ಲಿ 2002ರ ಮಾರ್ಚ್‌ನಲ್ಲಿ ಅನುಮತಿ ಸಿಕ್ಕಿತು.

ಅನುಮತಿಗೆ ಮುಂಚೆಯೇ ಕರ್ನಾಟಕದಲ್ಲಿ ವಿರೋಧ ಎದ್ದಿತ್ತು. 1998ರ ನವೆಂಬರ್‌ನಲ್ಲಿ ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘವು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಪ್ರಯೋಗಕ್ಕೆ ಬೆಳೆದ ಬಿಟಿ ಹತ್ತಿಯನ್ನು ಕಿತ್ತು ಸುಟ್ಟಿತು. ಬಿತ್ತಿದರೆ ಮೊಳೆಯದ ಬೀಜ ಕೊಡುವ ‘ಟರ್ಮಿನೇಟರ್’ ವಂಶವಾಹಿ ಆ ಗಿಡಗಳಲ್ಲಿದೆಯೆಂಬ ಸುದ್ದಿ ಆಗ ಹಬ್ಬಿತ್ತು. ಅದು ನಿಜವಾಗಿರಲಿಲ್ಲ, ಆ ತಂತ್ರವು ಎಂದೂ ಮಾರುಕಟ್ಟೆಗೆ ಬರಲೂ ಇಲ್ಲ. ಆದರೂ ಭಯಕ್ಕೆ ಬೇರು ಇಲ್ಲದಿರಲಿಲ್ಲ: ಖಾಸಗಿ ಕಂಪನಿಗಳು ಮಾರಿದ ಬಿಟಿ ಹತ್ತಿಯೆಲ್ಲ ಸಂಕರ ತಳಿಯೇ ಆಗಿದ್ದು, ಅದರ ಬೀಜವನ್ನು ಎತ್ತಿಟ್ಟು ಬಿತ್ತಿದರೆ ಮರುವರ್ಷ ಅದೇ ಗುಣ, ಅದೇ ಇಳುವರಿ ಬರುವುದಿಲ್ಲವಾದ್ದರಿಂದ ರೈತನು ಪ್ರತಿ ಮುಂಗಾರಿಗೂ ಬೀಜದ ಅಂಗಡಿಗೆ ಹೋಗಲೇಬೇಕಾಯಿತು.

ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಕೂಡಿ ಇದಕ್ಕೆ ಉತ್ತರವೊಂದನ್ನು ಹುಡುಕಿದವು. ‘ಬಿಕಾನೇರಿ ನರ್ಮಾ’ ಎಂಬ ಸಂಕರವಲ್ಲದ ತಳಿಯಲ್ಲಿ ಬಿಟಿ ವಂಶವಾಹಿಯನ್ನು ಸೇರಿಸಿದರೆ ರೈತನು ಬೀಜವನ್ನು ತಾನೇ ಉಳಿಸಿಕೊಳ್ಳಬಹುದು, ಸರ್ಕಾರಿ ಸಂಸ್ಥೆಯದಾದ್ದರಿಂದ ಬೆಲೆಯೂ ಕಡಿಮೆ ಇರುತ್ತದೆ. 2008ರಲ್ಲಿ ಅನುಮತಿ ಪಡೆದು 2009ರಲ್ಲಿ ಹೊಲಕ್ಕಿಳಿದ ಈ ‘ಬಿಎನ್ ಬಿಟಿ’ಯನ್ನು ಸಾರ್ವಜನಿಕ ವಲಯದ ಮೊದಲ ಬಿಟಿ ಹತ್ತಿಯೆಂದು ಸ್ವಾಗತಿಸಲಾಯಿತು. ಆದರೆ ಅದರಲ್ಲಿ ಮಾನ್ಸಾಂಟೋ ಕಂಪನಿಯ ‘ಮಾನ್ 531’ ಎಂಬ ವಂಶವಾಹಿ ಜೋಡಣೆ ಇರುವುದು ಪರೀಕ್ಷೆಯಲ್ಲಿ ಕಂಡುಬಂದು, ಅದೇ ವರ್ಷದ ಕೊನೆಗೆ ಬೀಜ ಉತ್ಪಾದನೆ ನಿಂತಿತು, ವಿಜ್ಞಾನಿ ಎಸ್.ಕೆ. ಸೋಪೋರಿ ಅವರ ಅಧ್ಯಕ್ಷತೆಯ ಸಮಿತಿಯು ವಿಚಾರಣೆ ನಡೆಸಿ 2012ರಲ್ಲಿ ವರದಿ ಸಲ್ಲಿಸಿತು. ಎಂಥ ಒಳ್ಳೆಯ ಉದ್ದೇಶ ಎಷ್ಟು ಬೇಗ ಕೈಬಿಟ್ಟುಹೋಯಿತೆಂಬುದನ್ನು ನೆನೆದರೆ ಇಂದಿಗೂ ದುಃಖವಾಗುತ್ತದೆ. ಬಿಟಿ ಹತ್ತಿಯು ದೇಶದ ಹತ್ತಿ ಪ್ರದೇಶದ ಶೇಕಡಾ 90ಕ್ಕೂ ಹೆಚ್ಚಿನ ಭಾಗವನ್ನು ಆವರಿಸಿದ್ದು ಖಾಸಗಿ ಸಂಕರ ಬೀಜಗಳ ಮೂಲಕವೇ. ಗುಲಾಬಿ ಕಾಯಿಕೊರಕವು ಕ್ರೈ1ಎಸಿಗೆ ಬಗ್ಗದಿರುವುದು 2010ರ ವೇಳೆಗೆ ಗುಜರಾತಿನಿಂದ ವರದಿಯಾಯಿತು, ಮುಂದೆ ಎರಡು ವಂಶವಾಹಿಗಳ ಹತ್ತಿಯನ್ನೂ ಅದು ಅರಗಿಸಿಕೊಂಡಿತು. ಹುಳುವಿನ ಈ ನಿರೋಧವನ್ನು ತಡೆಯಲೆಂದು ಹೊಲದ ಅಂಚಿನಲ್ಲಿ ಬಿಟಿಯಲ್ಲದ ಹತ್ತಿಯ ಸಾಲುಗಳನ್ನು ಬೆಳೆಸಬೇಕೆಂಬ ನಿಯಮವಿತ್ತಾದರೂ, ನಾಲ್ಕೆಂಟು ಎಕರೆಯ ರೈತನಿಗೆ ಹುಳುವಿಗಾಗಿ ಭೂಮಿ ಬಿಡುವುದು ಸುಲಭದ ಮಾತಾಗಿರಲಿಲ್ಲ.

ಬದನೆಯ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗಿತು. ಉತ್ತರ ಕರ್ನಾಟಕದಲ್ಲಿ ಮುಳಗಾಯಿಯೆಂದು ಕರೆಯುವ ಬದನೆಯು ಜೋಳದ ರೊಟ್ಟಿಯ ಜೊತೆಗಿನ ಎಣಗಾಯಿಯಾಗಿ ದಿನನಿತ್ಯದ ಊಟದ ಭಾಗ. ಬಣ್ಣ, ಮುಳ್ಳು, ರುಚಿಗಳಲ್ಲಿ ಊರಿಂದೂರಿಗೆ ಬೇರೆಯಾಗುವ ಜವಾರಿ ತಳಿಗಳು ಇಲ್ಲಿ ಹೇರಳ. ಕುಡಿಯನ್ನೂ ಕಾಯಿಯನ್ನೂ ಕೊರೆಯುವ ಹುಳು ಇವಕ್ಕೆಲ್ಲ ದೊಡ್ಡ ಶತ್ರು. ಅದು ಒಮ್ಮೆ ಕಾಯಿಯೊಳಗೆ ಹೊಕ್ಕರೆ ಔಷಧ ತಾಗುವುದಿಲ್ಲವೆಂದು ರೈತರು ಮತ್ತೆ ಮತ್ತೆ ಸಿಂಪಡಿಸುತ್ತಾರೆ, ಆ ವಿಷದ ಉಳಿಕೆ ಊಟದ ತಾಟಿಗೂ ಬರುತ್ತದೆ. ಆದ್ದರಿಂದ ಬಿಟಿ ಬದನೆಯ ಪರವಾದ ವಾದವನ್ನು ಹಗುರವಾಗಿ ಕಾಣಲಾಗದು. ಮಹಿಕೋ ಕಂಪನಿ ಸಿದ್ಧಪಡಿಸಿದ ಬಿಟಿ ಬದನೆಯನ್ನು ಜವಾರಿ ತಳಿಗಳೊಡನೆ ಕೂಡಿಸಿ, ಹುಟ್ಟಿದ ಸಸಿಯನ್ನು ಪೀಳಿಗೆಯಿಂದ ಪೀಳಿಗೆಗೆ ಮತ್ತೆ ಜವಾರಿಯೊಡನೆಯೇ ಕೂಡಿಸುತ್ತ ಹೋಗಿ, ಕೊನೆಗೆ ಬಿಟಿ ವಂಶವಾಹಿಯೊಂದನ್ನು ಬಿಟ್ಟು ಬಹುಪಾಲು ಎಲ್ಲವೂ ಜವಾರಿಯಾಗಿರುವ ಗಿಡವನ್ನು ಪಡೆಯುವ ಕೆಲಸವನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೈಗೊಂಡಿತು. ಅಮೆರಿಕದ ನೆರವಿನಿಂದ ಕಾರ್ನೆಲ್ ವಿಶ್ವವಿದ್ಯಾಲಯ ಮುನ್ನಡೆಸುತ್ತಿದ್ದ ಯೋಜನೆಯ ಭಾಗವಿದು. ಮಾಳಾಪುರ, ಕುಡಚಿ, ರಬಕವಿ, ಉಡುಪಿ ಎಂಬ ಊರ ಹೆಸರುಗಳನ್ನೇ ಹೊತ್ತ ತಳಿಗಳೂ ಮಂಜರಿಗೋಟಾ ಮೊದಲಾದವೂ ಇದಕ್ಕೆ ಬಳಕೆಯಾದವು.

ಕೇಂದ್ರದ ಅನುಮೋದನಾ ಸಮಿತಿಯು 2009ರ ಅಕ್ಟೋಬರ್ 14ರಂದು ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಾಗ, ಅದು ಭಾರತದ ಮೊದಲ ಕುಲಾಂತರಿ ಆಹಾರ ಬೆಳೆಯಾಗುವುದರಲ್ಲಿತ್ತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅವರು ಬೆಂಗಳೂರು ಸೇರಿ ಏಳು ನಗರಗಳಲ್ಲಿ ಸಾರ್ವಜನಿಕ ಸಭೆಗಳನ್ನು ನಡೆಸಿದರು. ಆಹಾರದ ಬಗೆಗಿನ ಒಂದು ತಾಂತ್ರಿಕ ನಿರ್ಧಾರಕ್ಕಾಗಿ ಮಂತ್ರಿಯೊಬ್ಬರು ಹೀಗೆ ಜನರ ಮುಂದೆ ನಿಂತು ಕೇಳಿಸಿಕೊಂಡದ್ದು ಮೆಚ್ಚತಕ್ಕ ಸಂಗತಿ. ಸುರಕ್ಷತೆಯ ಪರೀಕ್ಷೆಗಳನ್ನು ಬೀಜ ಮಾರುವ ಕಂಪನಿಯೇ ಮಾಡಿಸಿತ್ತೆಂಬುದು, ಸ್ವತಂತ್ರವಾದ ದೀರ್ಘಕಾಲದ ಪರೀಕ್ಷೆ ಇಲ್ಲವೆಂಬುದು, ಬದನೆಯ ವೈವಿಧ್ಯದ ನೆಲೆಯಾದ ದೇಶದಲ್ಲಿ ಪರಾಗ ಹರಡಿದರೆ ಗತಿಯೇನೆಂಬುದು ಅಲ್ಲಿ ಎದ್ದ ಮುಖ್ಯ ಪ್ರಶ್ನೆಗಳು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಮುಖ್ಯಮಂತ್ರಿಗಳು ಅವಸರ ಬೇಡವೆಂದು ಬರೆದರು. 2010ರ ಫೆಬ್ರವರಿ 9ರಂದು ಸಚಿವರು ತಡೆ ಘೋಷಿಸಿದರು. ನೆರೆಯ ಬಾಂಗ್ಲಾದೇಶವು ಇದೇ ವಂಶವಾಹಿಯ ಬದನೆಗೆ 2013ರಲ್ಲಿ ಅನುಮತಿ ಕೊಟ್ಟು ಬೆಳೆಯತೊಡಗಿತು. ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರಗಳು ಸುರಕ್ಷತಾ ಪರೀಕ್ಷೆಗಳನ್ನು ದಾಟಿ ಬಂದವು, ಆದರೂ ಪ್ರತಿಯೊಂದನ್ನೂ ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಕುಲಾಂತರಿಯೆಂಬ ಒಂದೇ ಕಾರಣಕ್ಕೆ ವಿಷವೆನ್ನುವುದೂ, ಒಂದು ಸುರಕ್ಷಿತವೆಂದು ಎಲ್ಲವನ್ನೂ ಸುರಕ್ಷಿತವೆನ್ನುವುದೂ ಈ ನಿಲುವಿನ ಮುಂದೆ ನಿಲ್ಲುವುದಿಲ್ಲ.

ತಡೆ ಬಂದ ಮೇಲೆ ಧಾರವಾಡದ ಪಾಲಿಗೆ ಹೊಸ ಅಧ್ಯಾಯ ಶುರುವಾಯಿತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ವಿದೇಶಿ ಪಾಲಿರುವ ಕಂಪನಿಯು ದೇಶದ ಜೈವಿಕ ಸಂಪತ್ತನ್ನು ಸಂಶೋಧನೆಗೆ ಬಳಸಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಪಡೆಯಬೇಕಿತ್ತು. ಜವಾರಿ ಬದನೆಗಳ ವಿಷಯದಲ್ಲಿ ಅಂಥ ಅನುಮತಿಯಿಲ್ಲವೆಂದು ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು, 2012ರಲ್ಲಿ ಅದು ಧಾರವಾಡದ ನ್ಯಾಯಾಲಯದಲ್ಲಿ ಕ್ರಿಮಿನಲ್ ದೂರಾಯಿತು. ಅದನ್ನು ರದ್ದುಪಡಿಸಬೇಕೆಂಬ ಮನವಿಯನ್ನು ಹೈಕೋರ್ಟಿನ ಧಾರವಾಡ ಪೀಠ 2013ರ ಅಕ್ಟೋಬರ್‌ನಲ್ಲಿ ತಳ್ಳಿಹಾಕಿತು. ದೂರು ಆರೋಪವೇ ಹೊರತು ಅಪರಾಧದ ತೀರ್ಪಲ್ಲ. ಆದರೂ ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಒಂದು ಇನ್ನೊಂದರ ಪ್ರತಿಬಿಂಬವೆಂಬುದು ಕಾಣದಿರದು: ಹತ್ತಿಯಲ್ಲಿ ಕಂಪನಿಯ ವಂಶವಾಹಿ ಸಾರ್ವಜನಿಕ ತಳಿಯೊಳಗೆ ಕಂಡುಬಂತು, ಬದನೆಯಲ್ಲಿ ಸಾರ್ವಜನಿಕ ತಳಿಯು ಕಂಪನಿಯ ವಂಶವಾಹಿಯ ಜೊತೆಗೆ ಹೋಯಿತು. ಕಂಪನಿಯ ವಂಶವಾಹಿ ಎಲ್ಲಿದ್ದರೂ ಗುರುತು ಹಿಡಿಯಲು ಪರೀಕ್ಷೆಯಿತ್ತು, ಹೆಸರಿತ್ತು, ಕಾಗದಪತ್ರವಿತ್ತು. ಕುಡಚಿಯ ಬದನೆಗೆ ಊರ ಹೆಸರೊಂದೇ ಇತ್ತು.

ವಂಶವಾಹಿಯ ಸುರಕ್ಷತೆಯನ್ನು ಪ್ರಯೋಗಾಲಯ ಹೇಳಬಲ್ಲದು. ಬೀಜ ಯಾರದೆಂಬುದನ್ನು ಅದು ಹೇಳಲಾರದು. ದೆಹಲಿ ವಿಶ್ವವಿದ್ಯಾಲಯದ ಕುಲಾಂತರಿ ಸಾಸಿವೆಗೆ 2022ರಲ್ಲಿ ದೊರೆತ ಅನುಮತಿಯ ಬಗ್ಗೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಅವರಲ್ಲೊಬ್ಬರು ಕರ್ನಾಟಕದವರೇ ಆದ ಬಿ.ವಿ. ನಾಗರತ್ನ, 2024ರ ಜುಲೈನಲ್ಲಿ ಭಿನ್ನ ತೀರ್ಪು ನೀಡಿದರೂ ರಾಷ್ಟ್ರೀಯ ನೀತಿಯೊಂದು ಬೇಕೆಂಬುದರಲ್ಲಿ ಒಂದಾದರು. ಹೊರಗಿನ ವಂಶವಾಹಿಯನ್ನು ಉಳಿಸದೆ, ಗಿಡದ ಸ್ವಂತ ವಂಶವಾಹಿಯನ್ನೇ ಗೊತ್ತಾದ ಜಾಗದಲ್ಲಿ ತಿದ್ದುವ ಹೊಸ ವಿಧಾನದ ಬೆಳೆಗಳಿಗೆ 2022ರಲ್ಲಿ ಹಳೆಯ ನಿಯಮಗಳಿಂದ ವಿನಾಯಿತಿ ದೊರೆತು, 2025ರ ಮೇ ತಿಂಗಳಲ್ಲಿ ಹಾಗೆ ತಿದ್ದಿದ ಎರಡು ಭತ್ತದ ತಳಿಗಳನ್ನು ಕೇಂದ್ರ ಸರ್ಕಾರ ಪ್ರಕಟಿಸಿತು. ತಿದ್ದುವುದಕ್ಕೂ ಮೂಲದಲ್ಲಿ ಒಂದು ತಳಿ ಬೇಕೇ ಬೇಕು. 2023ರ ತಿದ್ದುಪಡಿಯು ಜೀವವೈವಿಧ್ಯ ಕಾಯ್ದೆಯ ಉಲ್ಲಂಘನೆಯನ್ನು ಕ್ರಿಮಿನಲ್ ಅಪರಾಧದ ಪಟ್ಟಿಯಿಂದ ತೆಗೆದು ದಂಡಕ್ಕೆ ಇಳಿಸಿದೆ. ಆದರೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯಿದ್ದು, ಆ ಊರಿನ ತಳಿಗಳನ್ನು ಅವುಗಳನ್ನು ಬೆಳೆಸಿದವರ ತಿಳಿವಳಿಕೆಯ ಸಹಿತ ದಾಖಲಿಸಬೇಕೆಂಬ ಏರ್ಪಾಡು ಹಾಗೆಯೇ ಉಳಿದಿದೆ. ಆ ದಾಖಲೆಯ ಪುಸ್ತಕದಲ್ಲಿ ಕುಡಚಿ, ರಬಕವಿಗಳ ಮುಳಗಾಯಿಯ ಹೆಸರು ಬರೆಯುವ ಕೆಲಸಕ್ಕೆ ಪ್ರಯೋಗಾಲಯ ಬೇಕಿಲ್ಲ, ಬೀಜ ಹಿಡಿದಿಟ್ಟ ಹಿರಿಯರನ್ನು ಕೇಳಿ ಬರೆದುಕೊಳ್ಳುವವರು ಬೇಕು.