ಹೊಸ ಸಣ್ಣ ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯನ್ನು ಬದಲಾಯಿಸತಕ್ಕ ಕಾಲ

ನಂದಿ ಬೆಟ್ಟದ ಸುತ್ತಲಿನ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ದ್ರಾಕ್ಷಿಯ ಚಪ್ಪರದ ಕೆಳಗಾಗಲಿ ಹಿಪ್ಪುನೇರಳೆಯ ಸಾಲುಗಳ ನಡುವೆಯಾಗಲಿ ದೊಡ್ಡ ಟ್ರ್ಯಾಕ್ಟರು ಸಲೀಸಾಗಿ ತಿರುಗಲಾರದು. ಸುಮಾರು 18ರಿಂದ 30 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರುಗಳು ಇಂತಹ ತೋಟಗಳಿಗೆ ತಕ್ಕವು. ಇವುಗಳನ್ನು ಹೊಸದಾಗಿ ಕೊಂಡ ಭೂಮಾಲೀಕರು ಇಂಜಿನ್ನಿನ ಎಣ್ಣೆಯ ವಿಷಯದಲ್ಲಿ ಸಾಮಾನ್ಯವಾಗಿ ಎಚ್ಚರವುಳ್ಳವರಾಗಿರುವರು. ಆದರೆ ಯಂತ್ರದ ಹಿಂಭಾಗದಲ್ಲಿರುವ ಹೈಡ್ರಾಲಿಕ್ ಎಣ್ಣೆಯನ್ನು ಮೊದಲನೆಯ ಸಲ ಯಾವಾಗ ಬದಲಾಯಿಸಬೇಕೆಂಬ ಪ್ರಶ್ನೆ ಬಂದಾಗ, "ಎಣ್ಣೆ ಇನ್ನೂ ಹೊಸದಾಗಿಯೇ ಇದೆಯಲ್ಲ, ಇಷ್ಟೊಂದನ್ನು ಚೆಲ್ಲುವುದೇತಕ್ಕೆ?" ಎಂದು ಹಿಂದೆಗೆಯುವುದು ಸ್ವಾಭಾವಿಕವಾಗಿದೆ. ಮಾದರಿಗನುಸಾರವಾಗಿ ಹತ್ತು ಹನ್ನೆರಡು ಲೀಟರಿನಿಂದ ಇಪ್ಪತ್ತು ಲೀಟರಿಗೂ ಮೇಲ್ಪಟ್ಟು ಎಣ್ಣೆ ಹಿಡಿಯುವುದರಿಂದ ಖರ್ಚು ಅಲ್ಪವೆಂದು ಹೇಳುವಂತಿಲ್ಲ. ಆದರೂ ಈ ಉಳಿತಾಯವು ಅನೇಕ ವೇಳೆ ಪಂಪಿನ ನಾಶದಲ್ಲಿ ಕೊನೆಗಾಣುವುದು.

ಈ ಎಣ್ಣೆಯು ಮಾಡುವ ಕೆಲಸವನ್ನು ಮೊದಲು ತಿಳಿಯುವುದು ಅವಶ್ಯಕ. ನೇಗಿಲು, ಕುಂಟೆ, ರೋಟವೇಟರ್ ಮುಂತಾದವುಗಳನ್ನು ಟ್ರ್ಯಾಕ್ಟರಿನ ಹಿಂದೆ ಮೂರು ಕೊಂಡಿಗಳಿಂದ ಜೋಡಿಸಿ ಎಣ್ಣೆಯ ಒತ್ತಡದಿಂದ ಎತ್ತಿಳಿಸುವ ಏರ್ಪಾಡನ್ನು ಹ್ಯಾರಿ ಫರ್ಗುಸನ್ ಎಂಬಾತನು ಬಳಕೆಗೆ ತಂದನು. 1939ರಲ್ಲಿ ಫೋರ್ಡ್ ಕಾರ್ಖಾನೆಯಿಂದ ಹೊರಬಂದ ಟ್ರ್ಯಾಕ್ಟರಿನ ಮೂಲಕ ಅದು ಬಹುಬೇಗ ಹರಡಿತು. ಈಗಿನ ಅನೇಕ ಸಣ್ಣ ಟ್ರ್ಯಾಕ್ಟರುಗಳಲ್ಲಿ ಗೇರು ಪೆಟ್ಟಿಗೆ, ಹಿಂಭಾಗದ ಅಚ್ಚು, ಎತ್ತುವ ಯಂತ್ರ ಇವೆಲ್ಲಕ್ಕೂ ಒಂದೇ ಎಣ್ಣೆ. ಬ್ರೇಕಿನ ತಟ್ಟೆಗಳೂ ಅದರಲ್ಲಿಯೇ ಮುಳುಗಿರುವುದುಂಟು. ಹೀಗೆ ಅದು ಹಲ್ಲುಗಳಿಗೆ ಜಾರಿಕೆಯನ್ನೂ, ಬ್ರೇಕಿಗೆ ತಂಪನ್ನೂ, ನೇಗಿಲಿಗೆ ಎತ್ತುವ ಬಲವನ್ನೂ ಏಕಕಾಲದಲ್ಲಿ ಒದಗಿಸುವುದು. ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯು ಮಲಿನವಾದರೆ ಆ ಒಂದು ಗಾಲಿಯು ಕಿರುಗುಟ್ಟೀತು, ಅಷ್ಟೆ. ಇಲ್ಲಿಯಾದರೋ ಒಂದೆಡೆ ಸವೆದ ಲೋಹದ ಪುಡಿಯು ಉಳಿದೆಲ್ಲ ಅಂಗಗಳನ್ನೂ ಸುತ್ತಿಬರುವುದು.

ಹೊಸ ಯಂತ್ರದಲ್ಲಿಯೇ ಈ ಪುಡಿಯು ಹೆಚ್ಚು. ಗೇರಿನ ಹಲ್ಲುಗಳನ್ನು ಎಷ್ಟೇ ನಯವಾಗಿ ಕೊರೆದಿದ್ದರೂ ಅವುಗಳ ಮೈಮೇಲೆ ಸೂಕ್ಷ್ಮವಾದ ಏರುತಗ್ಗುಗಳಿರುವುವು. ಮೊದಲ ಹಲವು ಗಂಟೆಗಳ ದುಡಿಮೆಯಲ್ಲಿ ಅವು ಒಂದನ್ನೊಂದು ಉಜ್ಜಿ ಹೊಂದಿಕೊಳ್ಳುವುವು. ಹಾಗೆ ಉದುರಿದ ಚೂರುಗಳೂ, ಎರಕದ ಕೆಲಸದಲ್ಲಿ ಮೂಲೆಗಳಲ್ಲಿ ಉಳಿದಿರಬಹುದಾದ ಮರಳಿನ ಕಣಗಳೂ, ಬ್ರೇಕಿನ ತಟ್ಟೆಗಳ ಪುಡಿಯೂ ಎಣ್ಣೆಗೆ ಸೇರುವುವು. ಆ ಬಳಿಕ ಸವೆತವು ಬಹಳ ನಿಧಾನವಾಗುವುದು. ಮೊದಲನೆಯ ಬದಲಾವಣೆಯು ಬೇಗನೆ ಬರುವುದೂ, ಮುಂದಿನವು ದೂರದೂರವಾಗಿರುವುದೂ ಇದೇ ಕಾರಣದಿಂದ. ಎಣ್ಣೆಯ ಗುಣವು ಅಷ್ಟು ಬೇಗ ಕೆಡುವುದೆಂದಲ್ಲ. ಅದು ಹೊತ್ತುಕೊಂಡಿರುವ ಕಸವನ್ನು ಹೊರಗೆ ಹಾಕಬೇಕೆಂಬುದೇ ಮುಖ್ಯ.

ಬಣ್ಣವನ್ನು ನೋಡಿ ನಿರ್ಧರಿಸುವುದು ತಪ್ಪು. ಕಣ್ಣಿಗೆ ಕಾಣುವ ಅತಿ ಸಣ್ಣ ಕಣವು ಸುಮಾರು 40 ಮೈಕ್ರಾನ್ ಇರುವುದು. ಪಂಪಿನೊಳಗಿನ ಸಂದುಗಳು ಅದಕ್ಕಿಂತ ಎಷ್ಟೋ ಕಿರಿದು. ಬೆರಳಿಗೆ ತಿಳಿಯದ, ಕಣ್ಣಿಗೆ ಬೀಳದ ಕಣವೇ ಅಲ್ಲಿ ಗೀರುಗಳನ್ನು ಮಾಡುವುದು. ಗೀರು ಬಿದ್ದ ಪಂಪು ಎಣ್ಣೆ ತಣ್ಣಗಿರುವಾಗ ಚೆನ್ನಾಗಿಯೇ ಎತ್ತೀತು. ಬಿಸಿಯೇರಿ ಎಣ್ಣೆ ತೆಳ್ಳಗಾದೊಡನೆ ಮಧ್ಯಾಹ್ನದ ಹೊತ್ತಿಗೆ ರೋಟವೇಟರು ಏಳದೆ ನಿಲ್ಲುವುದು.

ಹಾಗಾದರೆ ಕಾಲವೆಷ್ಟು? ಹಲವು ಸಣ್ಣ ಟ್ರ್ಯಾಕ್ಟರುಗಳ ಕೈಪಿಡಿಗಳು ಮೊದಲ 50 ಗಂಟೆಗಳಿಗೆ ಎಣ್ಣೆಯನ್ನೂ ಫಿಲ್ಟರನ್ನೂ ಬದಲಾಯಿಸಲು ವಿಧಿಸಿರುವುವು. ಮತ್ತೆ ಕೆಲವು ಮಾದರಿಗಳಲ್ಲಿ ಆ ಸಮಯಕ್ಕೆ ಫಿಲ್ಟರನ್ನು ಮಾತ್ರ ಬದಲಾಯಿಸುವುದು ಅಥವಾ ಜಾಲರಿಯನ್ನು ತೊಳೆಯುವುದು. ಎಣ್ಣೆಗೆ ಬೇರೆ ಅವಧಿ. ಕೋಷ್ಟಕದಲ್ಲಿ ಎಣ್ಣೆಯ ಸಾಲು ಬೇರೆ, ಫಿಲ್ಟರಿನ ಸಾಲು ಬೇರೆ ಇರುವುದನ್ನು ಗಮನಿಸದೆ ಒಂದನ್ನು ಮಾಡಿ ಇನ್ನೊಂದನ್ನು ಬಿಡುವುದೇ ಹೆಚ್ಚಾಗಿ ನಡೆಯುವ ತಪ್ಪು. ಆದುದರಿಂದ ನೆರೆಯವನ ಟ್ರ್ಯಾಕ್ಟರಿನ ಲೆಕ್ಕವನ್ನು ತನ್ನದಕ್ಕೆ ಹಾಕಿಕೊಳ್ಳಕೂಡದು. ಕೈಪಿಡಿಯು ಕಳೆದುಹೋಗಿದ್ದರೆ ಮಾರಾಟಗಾರರಿಂದ ಇನ್ನೊಂದು ಪ್ರತಿಯನ್ನು ಪಡೆಯತಕ್ಕದ್ದು. ಗೌರಿಬಿದನೂರಿನಿಂದ ಉತ್ತರಕ್ಕೆ, ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ, ಕೇಂದ್ರ ಸರ್ಕಾರದ ಕೃಷಿಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ. ಯಂತ್ರದ ಪಾಲನೆಯನ್ನು ಕಲಿಯಬಯಸುವ ಯುವಕರನ್ನು ಅಲ್ಲಿಗೆ ಕಳುಹಿಸುವುದು ಗ್ರಾಮದ ಮುಖಂಡರಿಗೆ ಉಚಿತವಾದ ಕಾರ್ಯ.

ಗಂಟೆಯೆಂದರೆ ಯಂತ್ರದ ಮುಂದಿನ ಗಂಟೆಮಾಪಕದ ಗಂಟೆ, ಪಂಚಾಂಗದ ದಿನವಲ್ಲ. ಎರಡು ಎಕರೆ ಹಿಪ್ಪುನೇರಳೆಯಲ್ಲಿ ದಿನಕ್ಕೆ ಒಂದು ಗಂಟೆ ದುಡಿಸುವವನಿಗೆ 50 ಗಂಟೆ ತುಂಬಲು ಏಳು ವಾರಗಳಾಗುವುವು. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ರಾಗಿಯ ಹೊಲಗಳಿಗೆ ಬಾಡಿಗೆಗೆ ಬಿಟ್ಟು ದಿನಕ್ಕೆ ಎಂಟು ಗಂಟೆ ಓಡಿಸುವವನಿಗೆ ಏಳನೆಯ ದಿನವೇ ತುಂಬುವುದು. ಬಿತ್ತನೆಯ ಭರದಲ್ಲಿ ಯಂತ್ರವನ್ನು ನಿಲ್ಲಿಸಲು ಯಾರಿಗೂ ಮನಸ್ಸು ಬಾರದು; ಆದಕಾರಣ ಎಣ್ಣೆಯನ್ನೂ ಫಿಲ್ಟರನ್ನೂ ಮುಂಚಿತವಾಗಿಯೇ ತಂದಿಟ್ಟುಕೊಂಡಿರಬೇಕು. ಐದಾರು ಗಂಟೆ ಮುಂಚೆ ಬದಲಾಯಿಸಿದರೆ ನಷ್ಟವಿಲ್ಲ. ಹಳೆಯ ಮಾದರಿಯ ಕೆಲವು ಮಾಪಕಗಳು ಇಂಜಿನ್ನಿನ ಸುತ್ತುಗಳನ್ನು ಎಣಿಸುವುವು. ನಿಧಾನವಾಗಿ ಓಡಿದಾಗ ಅವು ಗಡಿಯಾರಕ್ಕಿಂತ ಕಡಮೆ ತೋರಿಸುವುದು ದೋಷವಲ್ಲ. ಮೊದಲ ಬದಲಾವಣೆಯ ನಂತರದ ಅವಧಿಯು ಮಾದರಿಗೆ ತಕ್ಕಂತೆ ಕೆಲವು ನೂರು ಗಂಟೆಗಳಿಂದ ಸಾವಿರ ಗಂಟೆಗಳವರೆಗೂ ಇರಬಹುದು. ಯಂತ್ರವು ಕಡಮೆ ಓಡಿದ್ದರೂ ಕೈಪಿಡಿಯು ವರ್ಷಗಳ ಮಿತಿಯನ್ನು ಹೇಳಿದ್ದರೆ ಅದನ್ನೂ ಪಾಲಿಸಬೇಕು.

ಈ ಸೀಮೆಗೆ ವಿಶೇಷವಾದ ಎರಡು ಅಪಾಯಗಳುಂಟು. ಮೊದಲನೆಯದು ಬೇಸಗೆಯಲ್ಲಿ ಕೆರೆಯ ಗೋಡನ್ನು ಹೊಲಗಳಿಗೆ ಸಾಗಿಸುವ ಕೆಲಸ. ಸುರಿಯುವ ಟ್ರೇಲರು ಮೇಲೇಳುವುದು ಟ್ರ್ಯಾಕ್ಟರಿನ ಎಣ್ಣೆಯಿಂದಲೇ; ಟ್ರೇಲರು ಇಳಿದಾಗ ಅದರ ಕೊಳವೆಯಲ್ಲಿದ್ದ ಎಣ್ಣೆಯು ಟ್ರ್ಯಾಕ್ಟರಿಗೆ ಹಿಂತಿರುಗುವುದು. ಹತ್ತು ವರ್ಷದ ಹಳೆಯ ಟ್ರೇಲರಿಗೆ ಹೊಸ ಟ್ರ್ಯಾಕ್ಟರನ್ನು ಕಟ್ಟಿದರೆ ಆ ಹತ್ತು ವರ್ಷದ ಕೊಳೆಯೂ ಹೊಸ ಪಂಪಿಗೆ ಬರುವುದೆಂದು ತಿಳಿಯಬೇಕು. ಹೊಸ ಎಣ್ಣೆ ಹಾಕಿದ ಮರುದಿನವೇ ಹೀಗೆ ಮಾಡಿದರೆ ಖರ್ಚೆಲ್ಲ ವ್ಯರ್ಥ. ಕೊಳವೆಯ ತುದಿಗಳನ್ನು ಜೋಡಿಸುವ ಮುನ್ನ ಶುದ್ಧವಾದ ಬಟ್ಟೆಯಿಂದ ಒರೆಸಿ, ಬಿಚ್ಚಿದೊಡನೆ ಮುಚ್ಚಳ ಹಾಕಬೇಕು. ಇಲ್ಲಿಯ ಕೆಂಪು ಮಣ್ಣಿನ ಧೂಳು ಮರಳುಗಾಗದದಂತೆ ಉಜ್ಜುವುದು.

ಎರಡನೆಯದು ನೀರು. ಕೆರೆಯ ಹಿಂದಿನ ಗದ್ದೆಗಳಲ್ಲಿ ಕೆಸರು ಮಾಡುವಾಗಲೂ, ಔಷಧಿ ಸಿಂಪಡಿಸಿ ಬಂದ ಟ್ರ್ಯಾಕ್ಟರನ್ನು ಪಂಪಿನ ನೀರಿನಿಂದ ತೊಳೆಯುವಾಗಲೂ ಉಸಿರುರಂಧ್ರದ ಮೂಲಕ ನೀರು ಒಳಸೇರಬಹುದು. ಮಾಗಿಯ ತಿಂಗಳುಗಳಲ್ಲಿ ಹಗಲಿನ ಬಿಸಿಗೂ ರಾತ್ರಿಯ ಚಳಿಗೂ ಅಂತರ ಹೆಚ್ಚಾದುದರಿಂದ ಪೆಟ್ಟಿಗೆಯೊಳಗಿನ ಗಾಳಿಯ ತೇವವು ಹನಿಗಟ್ಟುವುದೂ ಉಂಟು. ಎಣ್ಣೆಯು ಹಾಲು ಬೆರಸಿದಂತೆ ಬೆಳ್ಳಗೆ ಕಂಡರೆ ಗಂಟೆಗಳ ಲೆಕ್ಕವನ್ನು ಬದಿಗಿಟ್ಟು ಕೂಡಲೆ ಬದಲಾಯಿಸಬೇಕು. ಸಂದೇಹವಿದ್ದಲ್ಲಿ ಕಾದ ಕಬ್ಬಿಣದ ಹೆಂಚಿನ ಮೇಲೆ, ಮುಖವನ್ನು ದೂರವಿಟ್ಟು, ಒಂದೆರಡು ಹನಿ ಹಾಕಿ ನೋಡಬಹುದು. ಚಟಪಟನೆ ಸಿಡಿದರೆ ನೀರಿದೆ.

ಬದಲಾಯಿಸುವ ಕ್ರಮವು ಕಠಿಣವಲ್ಲ. ಯಂತ್ರವನ್ನು ಸ್ವಲ್ಪ ಹೊತ್ತು ದುಡಿಸಿ ಎಣ್ಣೆಯನ್ನು ಬೆಚ್ಚಗಾಗಿಸಿ, ಸಮನೆಲದಲ್ಲಿ ನಿಲ್ಲಿಸಿ, ಉಪಕರಣವನ್ನು ನೆಲಕ್ಕಿಳಿಸಿ, ಇಂಜಿನ್ನನ್ನು ಆರಿಸಬೇಕು. ಬೆಚ್ಚಗಿನ ಎಣ್ಣೆಯೊಡನೆ ಕಸವೂ ಹರಿದುಬರುವುದು. ಎಣ್ಣೆ ಬಿಡುವ ತಿರುಪಿನಲ್ಲಿ ಅಯಸ್ಕಾಂತವಿದ್ದರೆ ಅದಕ್ಕಂಟಿದ ಬೂದುಬಣ್ಣದ ನುಣುಪಾದ ಪುಡಿಯನ್ನು ಕಂಡು ಹೆದರಬೇಕಾದುದಿಲ್ಲ. ಚೂಪಾದ ಚೂರುಗಳಿದ್ದರೆ ಅವುಗಳನ್ನು ಕಾಗದದಲ್ಲಿ ಕಟ್ಟಿ ಮಾರಾಟಗಾರರ ಯಂತ್ರಜ್ಞರಿಗೆ ತೋರಿಸಬೇಕು. ಹೊಸ ಎಣ್ಣೆ ತುಂಬಿದ ಮೇಲೆ ಇಂಜಿನ್ನನ್ನು ನಿಧಾನವಾಗಿ ನಡೆಸಿ, ಎತ್ತುಗೋಲನ್ನು ಹಲವು ಸಲ ಏರಿಸಿಳಿಸಿ ಗಾಳಿಯನ್ನು ಹೊರಡಿಸಿ, ನಿಲ್ಲಿಸಿ, ಮಟ್ಟವನ್ನು ಮತ್ತೊಮ್ಮೆ ನೋಡತಕ್ಕದ್ದು. ಫಿಲ್ಟರಿನೊಳಗೆ ಎಣ್ಣೆ ತುಂಬಿಕೊಳ್ಳುವುದರಿಂದ ಮಟ್ಟವು ಇಳಿದಿರುವುದು. ಕೊಳವೆಯಲ್ಲಿ ಸೋರಿಕೆಯಿದೆಯೇ ಎಂದು ಕೈಯಿಂದ ಎಂದಿಗೂ ಸವರಕೂಡದು. ಸೂಜಿಯಷ್ಟು ಸಣ್ಣ ರಂಧ್ರದಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ತೂರಿ ಒಳಹೊಕ್ಕು ಕೈಯನ್ನೇ ಕಳೆಯುವ ಸಂಭವವಿದೆ. ಗಾಯವು ಅಲ್ಪವಾಗಿ ಕಂಡರೂ ಆ ಕೂಡಲೆ ಶಸ್ತ್ರವೈದ್ಯರ ಬಳಿಗೆ ಒಯ್ಯಬೇಕು. ಪರೀಕ್ಷೆಗೆ ರಟ್ಟಿನ ತುಂಡು ಸಾಕು.

ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವ ಯಾವುದೋ ಎಣ್ಣೆಯನ್ನು ಹಾಕುವುದು ಬದಲಾಯಿಸದೆ ಇರುವುದಕ್ಕಿಂತ ಮೇಲಲ್ಲ. ಬ್ರೇಕು ಎಣ್ಣೆಯಲ್ಲಿ ಮುಳುಗಿರುವ ಯಂತ್ರಕ್ಕೆ ಅದಕ್ಕೆಂದೇ ತಯಾರಾದ ಎಣ್ಣೆಯಿರಬೇಕು. ಬೇರೆಯದಾದರೆ ಬ್ರೇಕು ಕಿರುಚುವುದು ಅಥವಾ ಜಾರುವುದು. ಡಬ್ಬಿಯ ಮೇಲಿನ ದರ್ಜೆಯು ಕೈಪಿಡಿಯ ದರ್ಜೆಗೆ ಸರಿಹೊಂದಿದೆಯೇ ಎಂದು ನೋಡಿ ಕೊಳ್ಳಬೇಕು. ದಿನಾಂಕ, ಮಾಪಕದ ಗಂಟೆ, ಹಾಕಿದ ಎಣ್ಣೆಯ ಹೆಸರು ಮತ್ತು ಪ್ರಮಾಣ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದು ರಸೀದಿಯನ್ನು ಅದರಲ್ಲಿಯೇ ಇಟ್ಟಿದ್ದರೆ, ಖಾತರಿಯ ಅವಧಿಯಲ್ಲಿ ಪಂಪು ಕೆಟ್ಟಾಗ ಮಾಲೀಕನ ಮಾತಿಗೆ ಆಧಾರವಿರುವುದು.

ಹೊರತೆಗೆದ ಎಣ್ಣೆಯನ್ನು ಬದುವಿನ ಮೇಲಾಗಲಿ ಕೊಳವೆಬಾವಿಯ ಹತ್ತಿರವಾಗಲಿ ಸುರಿಯಕೂಡದು. ಬಿಗಿಯಾದ ಮುಚ್ಚಳವುಳ್ಳ ಡಬ್ಬಿಯಲ್ಲಿ ತುಂಬಿಟ್ಟು, ಬಳಸಿದ ಎಣ್ಣೆಯನ್ನು ಕೊಳ್ಳಲು ಪರವಾನಗಿಯುಳ್ಳವರಿಗೆ ಒಪ್ಪಿಸತಕ್ಕದ್ದು. ಗ್ರಾಮದಲ್ಲಿ ನಾಲ್ಕಾರು ಟ್ರ್ಯಾಕ್ಟರುಗಳಿದ್ದಲ್ಲಿ ಎಲ್ಲರ ಎಣ್ಣೆಯನ್ನೂ ಒಂದೆಡೆ ಕೂಡಿಟ್ಟರೆ ಸಾಗಿಸುವ ವೆಚ್ಚವು ಹಂಚಿಹೋಗುವುದು.