ಮುಂಬಯಿಯ ಬಡ ವಲಸೆಗಾರನು ನಗರವನ್ನು ಬಿಡದಿರುವುದೇಕೆ?

ಮುಂಬಯಿಯಲ್ಲಿ ಮನೆಬಾಡಿಗೆಯು ದುಸ್ಸಹವಾಗಿರುವಾಗ ಅಲ್ಪವೇತನದ ವಲಸೆಗಾರರು ಅಗ್ಗದ ಊರುಗಳಿಗೆ ಏಕೆ ಹೋಗರೆಂಬ ಪ್ರಶ್ನೆಗೆ ನಗರವ್ಯಾಮೋಹವೇ ಕಾರಣವೆಂದು ಹೇಳುವುದು ವಾಡಿಕೆ. ಈ ಉತ್ತರವು ವಿಚಾರಕ್ಕೆ ನಿಲ್ಲದು. 'ಬಾಡಿಗೆ' ಎಂಬುದು ಸಂಸ್ಕೃತದ 'ಭಾಟಕ' ಶಬ್ದದ ತದ್ಭವ. ಹಣ ತೆತ್ತು ಪಡೆದುದಕ್ಕಷ್ಟೇ ಅದರ ಅರ್ಥವು ಸಲ್ಲುವುದು. ಬಡವನ ನಗರಜೀವನವಾದರೋ ಬಹುಮಟ್ಟಿಗೆ ಭಾಟಕಕ್ಕೆ ದೊರೆಯದ ವಸ್ತುಗಳನ್ನು ಅವಲಂಬಿಸಿರುವುದು.

1854ರಲ್ಲಿ ಕಾವಸಜಿ ದಾವರರು ಅಲ್ಲಿ ಮೊದಲ ಹತ್ತಿಯ ಗಿರಣಿಯನ್ನು ಸ್ಥಾಪಿಸಿದ ತರುವಾಯ ಗಿರಣಿಗಳು ಹೆಚ್ಚಿದಂತೆಲ್ಲ ರತ್ನಾಗಿರಿ, ಸಾತಾರಾ ಮುಂತಾದ ಸೀಮೆಗಳಿಂದ ಜನರು ಬಂದು ನೆಲಸಿದರು. ಒಂದೇ ಊರಿನ ಗಂಡಸರು ಚಾಳಿನ ಒಂದು ಕೋಣೆಯನ್ನು ಕೂಡಿ ಹಿಡಿಯುತ್ತಿದ್ದರು. ಹಗಲುಪಾಳಿಯವನು ಎದ್ದುಹೋದ ಚಾಪೆಯ ಮೇಲೆ ರಾತ್ರಿಪಾಳಿಯವನು ಮಲಗುತ್ತಿದ್ದನು. ನೆರೆಯ ಹೆಂಗಸರು ತಮ್ಮ ಮನೆಯಲ್ಲಿಯೇ ಖಾನಾವಳಿ ನಡೆಸಿ, ಸಂಬಳ ಬಂದ ಮೇಲೆ ಲೆಕ್ಕ ತೀರಿಸಿಕೊಳ್ಳುತ್ತಿದ್ದರು. (ಉತ್ತರ ಕರ್ನಾಟಕದಲ್ಲಿ ಬಳಕೆಯಲ್ಲಿರುವ ಈ ಶಬ್ದವು ಮರಾಠಿಯಿಂದ ಬಂದುದು.) ಮುಷ್ಕರದ ಕಾಲದಲ್ಲಿ ಸಾಲದ ಮೇಲೆ ಉಣಬಡಿಸಿದವರೂ ಇವರೇ, ಇವರ ಸಂಘಟನೆಯಾದ ಅನ್ನಪೂರ್ಣಾ ಮಹಿಳಾ ಮಂಡಳವು ಹುಟ್ಟಿದುದು 1975ರಲ್ಲಿ. ಗೋವೆಯ ನಾವಿಕರಿಗೆ ಧೋಬಿತಲಾವಿನ ಸುತ್ತ ಊರಿಗೊಂದರಂತೆ 'ಕುಡ್ಡ'ಗಳಿದ್ದುವು. ದಕ್ಷಿಣ ಕನ್ನಡದ ಹುಡುಗನಿಗೆ ಹೋಟೆಲೇ ಮನೆ: ಅಲ್ಲಿಯೇ ದುಡಿಮೆ, ಅಲ್ಲಿಯೇ ಊಟ, ಬಾಗಿಲು ಮುಚ್ಚಿದ ಮೇಲೆ ಅಲ್ಲಿಯೇ ನಿದ್ರೆ, ಓದಬೇಕೆಂದರೆ ಕನ್ನಡದ ರಾತ್ರಿಶಾಲೆ. ಇಂತಹ ಆಶ್ರಯವು ಅಗ್ಗದ ಅಪರಿಚಿತ ಊರಿನಲ್ಲಿ ಎಲ್ಲಿಯದು?

ಇದನ್ನು ಸುಖವೆಂದು ಬಣ್ಣಿಸುವುದು ಅನ್ಯಾಯ. ಆದರೂ 1982ರ ಮಹಾಮುಷ್ಕರದಿಂದ ಸಾವಿರಾರು ಜನರು ಕೆಲಸ ಕಳೆದುಕೊಂಡಾಗ, ಹಳ್ಳಿಗೆ ಮರಳಿದವರಂತೆಯೇ ಕಾವಲುಗಾರರಾಗಿಯೋ ಬೀದಿವ್ಯಾಪಾರಿಗಳಾಗಿಯೋ ಉಳಿದವರೂ ಅನೇಕರು. ಗಿರಣಿ ಮುಚ್ಚಿದರೂ ಮಕ್ಕಳ ಶಾಲೆಯೂ ಉದ್ರಿ ಕೊಡುವ ಅಂಗಡಿಯೂ ಮುಚ್ಚಿರಲಿಲ್ಲ. ಇದಕ್ಕೆ ಶಾಸನದ ಕಾರಣವೂ ಒಂದುಂಟು. 1947ರ ಬಾಡಿಗೆ ನಿಯಂತ್ರಣ ಶಾಸನದಿಂದ ಹಳೆಯ ಚಾಳುಗಳ ಬಾಡಿಗೆಯು ಹೆಚ್ಚು ಏರದೆ ನಿಂತಿತು. 1999ರ ಶಾಸನವೂ ಆ ರಕ್ಷಣೆಯನ್ನು ಕೈಬಿಡಲಿಲ್ಲ. ಅಂತಹ ಕೋಣೆಯನ್ನು ಒಮ್ಮೆ ಬಿಟ್ಟವನಿಗೆ ಅದೇ ದರದಲ್ಲಿ ಇನ್ನೊಂದು ದೊರೆಯದು.

ಈ ರಕ್ಷಣೆಯಿಲ್ಲದ ಹೊಸಬನು ಜೋಪಡಿಯನ್ನು ಆಶ್ರಯಿಸುವನು. ಅವನಿಗೆ ಮುಖ್ಯವಾದುದು ಸಾಮೀಪ್ಯ. ಸೌಧಗಳಲ್ಲಿ ಮನೆಗೆಲಸ ಮಾಡುವ ಹೆಂಗಸು ಮುಂಜಾನೆ ಒಂದು ಮನೆಗೂ ಮಧ್ಯಾಹ್ನ ಇನ್ನೊಂದಕ್ಕೂ ನಡೆದೇ ಹೋಗಬಲ್ಲಳು. ಅವಳನ್ನು ನಗರದ ಅಂಚಿನ ಹೊಸ ಕಟ್ಟಡಕ್ಕೆ ಸಾಗಿಸಿದರೆ ಗೋಡೆಗಳು ಗಟ್ಟಿಯಾಗುವುವು ನಿಜ. ಆದರೆ ರೈಲಿನ ವೆಚ್ಚವೂ ಹೋಗಿಬರುವ ಹೊತ್ತೂ ಸೇರಿ, ಎರಡು ಮನೆಯ ಕೆಲಸದಲ್ಲಿ ಒಂದು ಕೈಬಿಡುವುದು.