ಹದಿಮೂರು ಕಲ್ಲಿನ ಮಾಂತ್ರಿಕ!

ಕತ್ತಿ ಹಿಡಿದವನು ಹೀರೋ. ಕೋಲು ಹಿಡಿದವನು ವಿಲನ್!

ನಮ್ಮ ಚಿತ್ರರಂಗದ ಹಳೇ ಲೆಕ್ಕ ಇದು. 1951ರಲ್ಲಿ ಕೆ.ವಿ. ರೆಡ್ಡಿ ನಿರ್ದೇಶಿಸಿದ 'ಪಾತಾಳ ಭೈರವಿ' ನೆನಪಿಸಿಕೊಳ್ಳಿ. ತೋಟರಾಮುಡುವಾಗಿ ಎನ್.ಟಿ. ರಾಮರಾವ್, ನೇಪಾಳದ ಮಾಂತ್ರಿಕನಾಗಿ ಎಸ್.ವಿ. ರಂಗರಾವ್. ಆ ಗಡ್ಡ, ಆ ಕಣ್ಣು, ಆ ಗತ್ತು... ಅಷ್ಟೆಲ್ಲ ಮಂತ್ರ ಗೊತ್ತಿದ್ದವನಿಗೂ ದೇವಿಯನ್ನು ಒಲಿಸಿಕೊಳ್ಳೋಕೆ ಒಬ್ಬ ಸಾಹಸಿ ಯುವಕನ ಬಲಿ ಬೇಕಾಗಿತ್ತು. ಬಲಿ ಕೊಡೋಕೆ ಹೋದವನೇ ಬಲಿಯಾದ! ಉಡುಪಿ ಕಡೆಯ ಉದ್ಯಾವರದಲ್ಲಿ ಹುಟ್ಟಿ, ತೆಲುಗಿನಲ್ಲಿ ಜಾನಪದ ಚಿತ್ರಗಳ ಸಾಲನ್ನೇ ಕೊಟ್ಟ ಬಿ. ವಿಠಲಾಚಾರ್ಯರ ಚಿತ್ರಗಳಲ್ಲೂ ಬಹುಮಟ್ಟಿಗೆ ಇದೇ ಲೆಕ್ಕ. ಮಾಂತ್ರಿಕ ಅಂದ್ರೆ ಹೆದರಿಸೋನು, ರಾಜಕುಮಾರ ಅಂದ್ರೆ ಗೆಲ್ಲೋನು.

ಇಂಥ ಚಿತ್ರಗಳಿಗೆ ಶಿಳ್ಳೆ ಹೊಡೆದು ಬೆಳೆದ ನಾನು ಒಂದು ರಾತ್ರಿ ಕೋಲು ಹಿಡಿದೆ. ಸಿನಿಮಾದಲ್ಲಲ್ಲ, ವಿಡಿಯೋ ಗೇಮಿನಲ್ಲಿ. ಹಿಡಿದು ಏನಾದೆ? ಕೇಳಿ, ಮಿತ್ರರೇ!

ಸಾಯೋದೇ ಶುರು

ಆಟದ ಹೆಸರು 'ಎಲ್ಡನ್ ರಿಂಗ್'. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿಯ ತಯಾರಿಕೆ, 2022ರ ಫೆಬ್ರವರಿ 25ರಂದು ಬಿಡುಗಡೆ. ನಿರ್ದೇಶಕ ಹಿಡೆಟಾಕಾ ಮಿಯಾಜಾಕಿ. ಆಟದ ಲೋಕಕ್ಕೆ ಪುರಾಣ ಹೆಣೆಯಲು ಕೈಜೋಡಿಸಿದವರು 'ಗೇಮ್ ಆಫ್ ಥ್ರೋನ್ಸ್' ಖ್ಯಾತಿಯ ಲೇಖಕ ಜಾರ್ಜ್ ಆರ್.ಆರ್. ಮಾರ್ಟಿನ್. ಆ ವರ್ಷದ 'ದಿ ಗೇಮ್ ಅವಾರ್ಡ್ಸ್'ನಲ್ಲಿ ವರ್ಷದ ಅತ್ಯುತ್ತಮ ಆಟ ಎಂಬ ಪ್ರಶಸ್ತಿ ಇದಕ್ಕೇ. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ, ಬಂಪರ್ ಹಿಟ್!

ಆದರೆ ಕಷ್ಟ ಅಂದ್ರೆ ಕಷ್ಟ. ಆಟ ಶುರುವಾಗಿ ಕೆಲವೇ ನಿಮಿಷಕ್ಕೆ ಮೈತುಂಬ ಕೈಗಳನ್ನು ಅಂಟಿಸಿಕೊಂಡ ಒಂದು ರಾಕ್ಷಸಾಕೃತಿ ಬಂದು ನಮ್ಮನ್ನು ಮುಗಿಸುತ್ತೆ. ಪರದೆ ಮೇಲೆ ಕೆಂಪಕ್ಷರ: 'ಯು ಡೈಡ್'. ಹೀರೋ ಎಂಟ್ರಿಯಲ್ಲೇ ಹೀರೋ ಸಾವು! ಇಂಥ ಚಿತ್ರ ತೆಗೆದರೆ ನಮ್ಮ ಗಾಂಧಿನಗರದಲ್ಲಿ ಹಂಚಿಕೆದಾರರು ಮುಟ್ಟುತ್ತಾರಾ?

ಆಟದ ಯಂತ್ರ ನನ್ನದಲ್ಲ, ಸ್ನೇಹಿತನದು. ಅವನಿಗೆ ರಾತ್ರಿಪಾಳಿ ಕೆಲಸ. ಅವನು ಹೊರಟ ಮೇಲೆ ಕೋಣೆ ನನ್ನದು, ಟಿ.ವಿ. ನನ್ನದು. ಅವನು ಕತ್ತಿಯ ಆಸಾಮಿ. ಮೈತುಂಬ ಕಬ್ಬಿಣ ತೊಟ್ಟು ನುಗ್ಗೋನು. ನಾನು ಪಾತ್ರ ಆರಿಸುವಾಗ ಪಕ್ಕದಲ್ಲೇ ಕೂತಿದ್ದ.

ಒಟ್ಟು 10 ಪಾತ್ರಗಳು. ಅದರಲ್ಲಿ 'ಆಸ್ಟ್ರಾಲಜರ್' ಅನ್ನೋದರ ಮೇಲೆ ನನ್ನ ಕಣ್ಣು ಬಿತ್ತು. ಆಸ್ಟ್ರಾಲಜರ್ ಅಂದ್ರೆ ಜ್ಯೋತಿಷಿ. ನಮ್ಮೂರ ಜ್ಯೋತಿಷಿ ಭವಿಷ್ಯ ಹೇಳ್ತಾರೆ. ಈ ಜ್ಯೋತಿಷಿ ನಕ್ಷತ್ರದ ಶಕ್ತಿಯನ್ನು ನೀಲಿ ಕಲ್ಲು ಮಾಡಿ ಎಸೀತಾನೆ! ನಾನು ಬಟನ್ ಒತ್ತಿಯೇ ಬಿಟ್ಟೆ.

ಸ್ನೇಹಿತ ನಕ್ಕ. "ಏನ್ ಗುರೂ, ದೂರ ನಿಂತ್ಕೊಂಡು ಕಲ್ಲು ಹೊಡೆಯೋ ಪಾರ್ಟೀನಾ? ಅದು ಹೆದರುಪುಕ್ಲರಿಗೆ!"

ಆ ಮಾತು ನಾಟಿತು. ಸುಲಭದ ದಾರಿ ಹಿಡಿಯೋನು ಅಂತ ಅನ್ನಿಸಿಕೊಳ್ಳೋದು ಯಾರಿಗೆ ಇಷ್ಟ?

ಲೆಕ್ಕ ಕೇಳಿ, ಲೆಕ್ಕ!

ಮಂತ್ರ ಸುಲಭ ಅನ್ನೋರು ಮೊದಲು ಈ ಅಂಕಿ ನೋಡಬೇಕು.

ಕತ್ತಿ ಹಿಡಿದ 'ವ್ಯಾಗಬಾಂಡ್' ಪಾತ್ರಕ್ಕೆ ಶುರುವಿನಲ್ಲೇ ದೇಹಬಲ 15. ನಮ್ಮ ಜ್ಯೋತಿಷಿಗೆ 9. ಪ್ರಾಣದ ಲೆಕ್ಕದಲ್ಲಿ ಅವನಿಗೆ 522, ನಮಗೆ 396. ಅವನು ಮೂರು ಏಟು ತಿಂದು ನಿಲ್ಲೋ ಜಾಗದಲ್ಲಿ ನಾವು ಎರಡಕ್ಕೇ ಮಲಗಿರ್ತೀವಿ. ನಮಗಿರೋದು ಬುದ್ಧಿ. ಅದು 16, ಹತ್ತೂ ಪಾತ್ರಗಳ ಪೈಕಿ ಎಲ್ಲರಿಗಿಂತ ಹೆಚ್ಚು.

ಇನ್ನು ಮಂತ್ರಶಕ್ತಿ. ಶುರುವಿನಲ್ಲಿ 95. 'ಗ್ಲಿಂಟ್‌ಸ್ಟೋನ್ ಪೆಬಲ್' ಅನ್ನೋ ನೀಲಿ ಕಲ್ಲು ಒಂದನ್ನು ಎಸೆದರೆ ಖರ್ಚು 7. ಭಾಗಿಸಿ ನೋಡಿ. ಹದಿಮೂರು ಕಲ್ಲು! ಹದಿನಾಲ್ಕನೆಯದಕ್ಕೆ ಕೋಲು ಬೀಸಿದರೆ ಬರೀ ಗಾಳಿ. ನೀಲಿ ಸೀಸೆ ಕುಡಿದರೆ ಇನ್ನೊಂದಿಷ್ಟು ಕಲ್ಲು ಬರುತ್ತೆ. ಆದರೆ ಸೀಸೆಗಳೂ ಎಣಿಕೆಯವೇ. ಕೆಂಪು ಸೀಸೆ ಪ್ರಾಣಕ್ಕೆ, ನೀಲಿ ಸೀಸೆ ಮಂತ್ರಕ್ಕೆ. ಒಂದನ್ನು ಹೆಚ್ಚಿಸಬೇಕಾದರೆ ಇನ್ನೊಂದನ್ನು ಕಮ್ಮಿ ಮಾಡಬೇಕು. ಸಂಬಳದ ದಿನ ಬಾಡಿಗೆಗೆಷ್ಟು, ಊಟಕ್ಕೆಷ್ಟು ಅಂತ ಹಂಚಿದ ಹಾಗೆ!

ಕತ್ತಿಯವನ ಕತ್ತಿ ಖಾಲಿಯಾಗಲ್ಲ. ಆಯಾಸವಾದರೆ ಎರಡು ಕ್ಷಣ ಹಿಂದೆ ಸರಿದರೆ ಸಾಕು, ಮತ್ತೆ ಬೀಸಬಹುದು. ಮಾಂತ್ರಿಕನ ಜೇಬು ಖಾಲಿಯಾದರೆ ಖಾಲಿಯೇ. ಆಮೇಲೆ ಉಳಿಯೋದು ಒಂದು ಗಿಡ್ಡ ಕತ್ತಿ, ಒಂದು ಮರದ ಗುರಾಣಿ, ಎರಡು ಕಾಲು. ಇದರಲ್ಲಿ ಹೆಚ್ಚು ಉಪಯೋಗ ಬಿದ್ದಿದ್ದು ಕಾಲು ಅಂತ ನಾಚಿಕೆಯಿಲ್ಲದೆ ಹೇಳ್ತೀನಿ.

ಮೊದಲ ರಾತ್ರಿ ಈ ಲೆಕ್ಕ ನನಗೆ ತಿಳಿಯಲಿಲ್ಲ. ಲಿಮ್‌ಗ್ರೇವ್ ಅನ್ನೋ ಹಸಿರು ಬಯಲಿಗೆ ಕಾಲಿಟ್ಟ ಕೂಡಲೇ ಎದುರಿಗೆ ಚಿನ್ನದ ಕವಚ ತೊಟ್ಟ ಕುದುರೆ ಸವಾರ, 'ಟ್ರೀ ಸೆಂಟಿನೆಲ್'. ಹದಿಮೂರೂ ಕಲ್ಲು ಅವನ ಮೇಲೆ ಹೊಡೆದೆ. ಅವನ ಪ್ರಾಣದ ಪಟ್ಟಿ ಅಲ್ಲಾಡಿದ್ದೂ ಗೊತ್ತಾಗಲಿಲ್ಲ. ಅವನು ಕುದುರೆ ತಿರುಗಿಸಿದ... ಒಂದೇ ಏಟು. ಯು ಡೈಡ್!

ಅರ್ಥವಾಗದ ಪುಸ್ತಕದ ಹುಡುಗ

ಅವನೊಡನೆ ಈಗ ಹೊಡೆದಾಡಬೇಡ, ಸುತ್ತಿಕೊಂಡು ಹೋಗು ಅಂತ ಆಟ ಎಲ್ಲೂ ಹೇಳಲ್ಲ. ಹೆಚ್ಚಿನದನ್ನು ಹೇಳೋದೇ ಇಲ್ಲ. ಇದಕ್ಕೆ ಕಾರಣ ನಿರ್ದೇಶಕನ ಬಾಲ್ಯದಲ್ಲಿದೆ ಅಂತ ನನ್ನ ಅನಿಸಿಕೆ.

ಮಿಯಾಜಾಕಿ ಬಡತನದಲ್ಲಿ ಬೆಳೆದವರು. ಚಿಕ್ಕಂದಿನಲ್ಲಿ ತಮ್ಮ ವಯಸ್ಸಿಗೆ ಮೀರಿದ ಪುಸ್ತಕಗಳನ್ನು ತಂದು ಓದುತ್ತಿದ್ದರಂತೆ. ಅರ್ಧ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ ಜಾಗವನ್ನು ಚಿತ್ರ ನೋಡಿ, ತಾವೇ ಊಹಿಸಿ ತುಂಬಿಕೊಳ್ಳುತ್ತಿದ್ದರಂತೆ. ದೊಡ್ಡವರಾಗಿ ಒರಾಕಲ್ ಕಂಪನಿಯಲ್ಲಿ ಕೆಲಸ. 'ಇಕೋ' ಅನ್ನೋ ಆಟ ಆಡಿ ತಲೆಕೆಟ್ಟು, ಆ ನೌಕರಿ ಬಿಟ್ಟು 2004ರಲ್ಲಿ ಫ್ರಮ್‌ಸಾಫ್ಟ್‌ವೇರ್ ಸೇರಿದರು. ಆಗ ವಯಸ್ಸು 29. 2009ರಲ್ಲಿ 'ಡೀಮನ್ಸ್ ಸೋಲ್ಸ್', 2011ರಲ್ಲಿ 'ಡಾರ್ಕ್ ಸೋಲ್ಸ್'. 2014ರಲ್ಲಿ ಅದೇ ಕಂಪನಿಗೆ ಅಧ್ಯಕ್ಷ!

ಭಾಷೆ ಬಾರದ ಚಿತ್ರಕ್ಕೆ ನುಗ್ಗಿ, ಕಥೆಯನ್ನು ನಾವೇ ಕಟ್ಟಿಕೊಂಡು ಹೊರಬಂದವರಲ್ಲವೇ ನಾವೆಲ್ಲ? ಹಾಗೇ ಈ ಆಟ. ಅರ್ಥವಾಗದ ಜಾಗವನ್ನು ನೀವೇ ತುಂಬಿಕೊಳ್ಳಬೇಕು. ಸತ್ತು ಸತ್ತು ತುಂಬಿಕೊಳ್ಳಬೇಕು!

ಮೂರು ತೋಳ, ಐದು ಕಲ್ಲು

ಎರಡನೇ ವಾರಕ್ಕೆ ಒಂಚೂರು ಬುದ್ಧಿ ಬಂತು. ಮರೆಯಲ್ಲಿ ನಿಲ್ಲಬೇಕು. ಕಾವಲಿನವನು ಬೆನ್ನು ತೋರಿಸೋವರೆಗೆ ಕಾಯಬೇಕು. ಒಂದು ಕಲ್ಲು, ಎರಡು ಕಲ್ಲು, ಹಿಂದೆ ಸರಿ. ಗುಂಪಿದ್ದರೆ ಒಬ್ಬೊಬ್ಬನನ್ನೇ ಎಳೆದು ತಾ. ಎಲ್ಲಕ್ಕಿಂತ ಮುಖ್ಯ, ಕಲ್ಲು ಎಣಿಸು. ಸತ್ತರೆ ಗಳಿಸಿದ ರೂನ್ ಎಲ್ಲ ಸತ್ತ ಜಾಗದಲ್ಲೇ ಬಿದ್ದಿರುತ್ತೆ. ಅದನ್ನು ಎತ್ತಿಕೊಳ್ಳುವ ಮೊದಲು ಇನ್ನೊಮ್ಮೆ ಸತ್ತರೆ ಅದೂ ಹೋಯ್ತು.

'ಚರ್ಚ್ ಆಫ್ ಎಲ್ಲೆ' ಅನ್ನೋ ಪಾಳುಬಿದ್ದ ಗುಡಿಯಲ್ಲಿ ಒಬ್ಬ ಮಾಟಗಾತಿ ಒಂದು ಗಂಟೆ ಕೊಟ್ಟಳು. ಆಡಿಸಿದರೆ ಮೂರು ತೋಳದ ಆತ್ಮಗಳು ಬಂದು ನಮ್ಮ ಪರ ಹೋರಾಡುತ್ತವೆ. ಖುಷಿಯೋ ಖುಷಿ! ಆಮೇಲೆ ಬೆಲೆ ನೋಡಿದೆ. ಒಂದು ಸಲ ಕರೆದರೆ ಮಂತ್ರಶಕ್ತಿಯಲ್ಲಿ 55 ಕಡಿತ. 95ರಲ್ಲಿ 55 ಹೋದರೆ 40. ಅಂದರೆ ತೋಳ ಮೂರು, ಕಲ್ಲು ಬರೀ ಐದು! ನೇಪಾಳದ ಮಾಂತ್ರಿಕನ ಕಷ್ಟ ಆಗ ಅರ್ಥವಾಯಿತು. ಮಂತ್ರ ಎಷ್ಟೇ ಇರಲಿ, ಮುಂದೆ ನಿಂತು ಏಟು ತಿನ್ನೋಕೆ ಬೇರೆ ಯಾರಾದರೂ ಬೇಕು.

ಬಾಗಿಲಲ್ಲಿ ನಿಂತ ಮಾರ್ಗಿಟ್

ಸ್ಟಾರ್ಮ್‌ವೇಲ್ ಕೋಟೆಯ ದಾರಿಯಲ್ಲಿ ಅಡ್ಡ ನಿಂತವನು ಮಾರ್ಗಿಟ್. ಎತ್ತರದ ಆಳು, ತಲೆತುಂಬ ಕೊಂಬು, ಕೈಯಲ್ಲಿ ಕೋಲು. ಅವನದೂ ಕೋಲೇ! ಹೊಡೆಯೋಕೆ ಕೋಲೆತ್ತಿ, ಹೊಡೆಯದೆ ಹಾಗೇ ನಿಲ್ತಾನೆ. ನೀವು ಹೆದರಿ ಉರುಳಿ ಎದ್ದ ಮೇಲೆ ಹೊಡೀತಾನೆ. ದೂರ ನಿಂತು ಸೀಸೆ ಬಾಯಿಗಿಟ್ಟರೆ ಹೊಳೆಯುವ ಚಾಕು ಎಸೀತಾನೆ. ದೂರವೇ ಮಾಂತ್ರಿಕನ ಕೋಟೆ ಅಂದುಕೊಂಡಿದ್ದೆ. ಒಂದೇ ನೆಗೆತಕ್ಕೆ ಆ ಕೋಟೆಯೊಳಗೆ ಬಂದು ನಿಂತ!

ನಾಲ್ಕು ರಾತ್ರಿ ಸತ್ತೆ. ಎಣಿಸೋದು ಬಿಟ್ಟೆ. ಐದನೇ ಬೆಳಿಗ್ಗೆ ಪಾಳಿ ಮುಗಿಸಿ ಬಂದ ಸ್ನೇಹಿತ ಬಾಗಿಲಲ್ಲಿ ನಿಂತು ನೋಡಿದ.

"ಹೊಸದಾಗಿ ಶುರು ಮಾಡೋ. ಕತ್ತಿ ತಗೋ. ಇದು ನಿನ್ ಕೈಲಾಗಲ್ಲ."

ನಾನು ಮಾತಾಡಲಿಲ್ಲ. ಪಿ.ಯು.ಸಿ.ಯನ್ನು ಅರ್ಧಕ್ಕೆ ಬಿಟ್ಟವನು ನಾನು. ಆಗಲೂ ಯಾರೋ ಇದೇ ಮಾತು ಅಂದಿದ್ದರು, ನಾನು ಹೌದೆಂದು ಒಪ್ಪಿಕೊಂಡು ಎದ್ದು ಬಂದಿದ್ದೆ. ಕಂಟ್ರೋಲರ್ ಕೆಳಗಿಟ್ಟು ಮನೆಗೆ ಹೊರಟೆ. ಬಸ್ಸಿನಲ್ಲಿ ಕೂತಾಗ ಒಂದು ವಿಷಯ ಹೊಳೆಯಿತು. ಈ ಆಟದಲ್ಲಿ ಮಾರ್ಗಿಟ್‌ಗೆ ಬೆನ್ನು ತಿರುಗಿಸಿ ಬೇರೆ ಕಡೆ ಹೋಗಬಹುದು! ಅವನು ಅಲ್ಲೇ ಇರ್ತಾನೆ. ಬಾಗಿಲು ಮುಚ್ಚಲ್ಲ, ಹಾಲ್ ಟಿಕೆಟ್ ಕೇಳಲ್ಲ, ವಯಸ್ಸು ಕೇಳಲ್ಲ.

ಆ ರಾತ್ರಿ ಕುದುರೆ ಹತ್ತಿ ದಕ್ಷಿಣಕ್ಕೆ ಹೋದೆ. 'ವೀಪಿಂಗ್ ಪೆನಿನ್ಸುಲಾ', ಅಳುವ ನಾಡು. ಅಲ್ಲಿನ ಮೂರು ಪಾಳು ಚರ್ಚುಗಳಲ್ಲಿ ಸೀಸೆಯ ಕಸುವು ಹೆಚ್ಚಿಸೋ ಪವಿತ್ರ ಹನಿ ಸಿಗುತ್ತೆ. ಮೂರನ್ನೂ ತಂದೆ. ಆಮೇಲೆ ಪೂರ್ವಕ್ಕೆ, ಕೇಲಿಡ್. ಕೆಂಪು ಆಕಾಶ, ಕಾಲಿಟ್ಟರೆ ಮೈ ಕೊಳೆಯೋ ಕೆಂಪು ಜೌಗು, ಆನೆಯಂಥ ನಾಯಿಗಳು! ಹೊಡೆದಾಡೋ ಮಾತೇ ಇಲ್ಲ, ಬರೀ ಓಟ. ಜೌಗಿನ ನಡುವಿನ 'ಸ್ಟ್ರೀಟ್ ಆಫ್ ಸೇಜಸ್' ಅನ್ನೋ ಪಾಳು ಬೀದಿಯಲ್ಲಿ 'ಮೀಟಿಯೊರೈಟ್ ಸ್ಟಾಫ್' ಅನ್ನೋ ಮಂತ್ರದಂಡ, ಅಲ್ಲೇ ನೆಲಮಾಳಿಗೆಯ ಪೆಟ್ಟಿಗೆಯಲ್ಲಿ 'ರಾಕ್ ಸ್ಲಿಂಗ್' ಮಂತ್ರ. ನೆಲದಿಂದ ಬಂಡೆ ಎಬ್ಬಿಸಿ ಎಸೆಯೋ ವಿದ್ಯೆ. ಎರಡಕ್ಕೂ ಬೇಕಾದ ಬುದ್ಧಿ 18, ನಮ್ಮ ಜ್ಯೋತಿಷಿಯ ಆರಂಭದ 16ಕ್ಕೆ ಎರಡೇ ಎರಡು ಸೇರಿದರೆ ಸಾಕು. ಆ ದಂಡವನ್ನು ಮುಂದೆ ಬಲಪಡಿಸೋಕಾಗಲ್ಲ, ನಿಜ. ಆದರೆ ಶುರುವಿನಲ್ಲಿ ಅದಕ್ಕೆ ಸಾಟಿಯಾಗೋ ಕೋಲು ಸಿಗೋದು ಕಷ್ಟ.

ಇದನ್ನೇ ಕೆಲವರು ಮೋಸ ಅಂತಾರೆ. ಮೋಸವೇ? ಆ ಕೆಂಪು ಜೌಗಿನಲ್ಲಿ ಒಂದೇ ಏಟಿಗೆ ಸಾಯೋ ಮೈ ಹೊತ್ತು ಓಡಿ ಬನ್ನಿ, ಆಮೇಲೆ ಮಾತಾಡೋಣ.

ಕ್ಲೈಮ್ಯಾಕ್ಸ್

ಮತ್ತೆ ಮಾರ್ಗಿಟ್. ಗಂಟೆ ಆಡಿಸಿದೆ, ತೋಳಗಳು ನುಗ್ಗಿದವು. ಅವನು ತೋಳಗಳ ಕಡೆ ತಿರುಗಿರುವಾಗಲೇ ನೀಲಿ ಸೀಸೆ ಕುಡಿದೆ. ಬಂಡೆ ಎಸೆದೆ. ಅವನು ಕೋಲೆತ್ತಿ ನಿಂತ. ನಾನೂ ನಿಂತೆ! ಅವನು ಹೊಡೆಯುವಾಗಲೇ ಉರುಳಿದೆ, ಮೊದಲಲ್ಲ. ನಡುವೆ ತೋಳಗಳು ಸತ್ತವು, ನೀಲಿ ಸೀಸೆ ಮುಗಿಯಿತು. ಬಂಡೆಗೆ ಸಾಲುವಷ್ಟು ಶಕ್ತಿಯೂ ಉಳಿಯಲಿಲ್ಲ. ಉಳಿದಿದ್ದು ಎರಡು ಕಲ್ಲಿನಷ್ಟು. ಮೊದಲ ದಿನದ ಅದೇ ನೀಲಿ ಕಲ್ಲು.

ಒಂದು ತಪ್ಪಿತು.

ಎರಡನೆಯದು ತಾಗಿತು!

ಮಾರ್ಗಿಟ್ ಬೂದಿಯ ಹಾಗೆ ಚದುರಿ ಹೋದ. ಪರದೆ ಮೇಲೆ ಚಿನ್ನದ ಅಕ್ಷರ. ನಡುರಾತ್ರಿ ಕಳೆದಿತ್ತು, ಕೂಗೋಕೂ ಆಗದೆ ದಿಂಬು ಕಚ್ಚಿಕೊಂಡೆ. ಬೆಳಿಗ್ಗೆ ಬಂದ ಸ್ನೇಹಿತ ಕೋಟೆಯೊಳಗೆ ನಿಂತಿದ್ದ ನನ್ನ ಜ್ಯೋತಿಷಿಯನ್ನು ನೋಡಿದ. ಏನೂ ಅನ್ನಲಿಲ್ಲ. ಕಾಫಿ ತಂದುಕೊಟ್ಟ.

ಪಿ.ಯು.ಸಿ. ಕಥೆ ಇದರಿಂದ ಸರಿಹೋಗಲಿಲ್ಲ, ಹೋಗೋದೂ ಇಲ್ಲ. ಆದರೆ ಬಿಟ್ಟು ಹೋಗೋದು ಬೇರೆ, ಸುತ್ತಿ ಬರೋದು ಬೇರೆ. ಇಷ್ಟನ್ನು ನನಗೆ ಕಲಿಸಿದ್ದು ಜೇಬಿನಲ್ಲಿ ಹದಿಮೂರೇ ಕಲ್ಲಿದ್ದ ಈ ಮಾಂತ್ರಿಕ.

ಹೋದ ತಿಂಗಳು ರಾತ್ರಿ ಹನ್ನೊಂದಕ್ಕೆ ಫೋನು. ಸ್ನೇಹಿತನದೇ. ಅವತ್ತು ಅವನಿಗೆ ವಾರದ ರಜಾ.

"ಗುರೂ, ಸುಮ್ನೆ ನೋಡೋಣಾಂತ ಆಸ್ಟ್ರಾಲಜರ್ ತಗೊಂಡೆ. ಕುದುರೆಯವನು ಅಟ್ಟಿಸ್ಕೊಂಡ್ ಬರ್ತಿದಾನೆ, ಕಲ್ಲೆಲ್ಲಾ ಖಾಲಿ! ಈಗೇನ್ ಮಾಡ್ಲೋ?"

"ಓಡು!" ಅಂದೆ.